ತಾಯಿ ಇಟ್ಟ ಹೆಸರು

ಹೈದರ್ ಎಂದರೆ ಸಿಂಹ. ಅರಬ್ಬೀ ಭಾಷೆಯಲ್ಲಿ ಸಿಂಹಕ್ಕೆ ಹೆಸರುಗಳ ಬರವಿಲ್ಲ. ಅಸದ್, ಲೈಸ್, ಅಬ್ಬಾಸ್, ಉಸಾಮಾ, ಗಜನ್ಫರ್, ಜರ್ಗಾಂ ಎಲ್ಲವೂ ಆ ಪ್ರಾಣಿಯವೇ. ಎಲ್ಲವೂ ಗಂಡುಮಕ್ಕಳ ಹೆಸರಾಗಿಯೂ ಬಳಕೆಯಲ್ಲಿವೆ. 10ನೆಯ ಶತಮಾನದ ವ್ಯಾಕರಣಕಾರ ಇಬ್ನ್ ಖಾಲವೈಹ್ ಸಿಂಹದ 500 ಹೆಸರುಗಳನ್ನು ಕಲೆಹಾಕಿದ್ದ ಎಂಬ ಮಾತು ಅರಬ್ಬೀ ವಿದ್ವಾಂಸರಲ್ಲಿ ಹಿಂದಿನಿಂದಲೂ ಇದೆ. ಒಂದೊಂದು ಹೆಸರೂ ಸಿಂಹವನ್ನು ಒಂದೊಂದು ನಿಲುವಿನಲ್ಲಿ ಕಂಡು ಹುಟ್ಟಿದ್ದು. ಅಬ್ಬಾಸ್ ಎಂದರೆ ಹುಬ್ಬು ಗಂಟಿಕ್ಕಿದ ಸಿಂಹ. ಹೈದರ್ ಎಂದರೆ ಕೊರಳು ದಪ್ಪವಾಗಿ, ಮುಂಗಾಲು ಬಲವಾಗಿರುವ ಸಿಂಹ ಎಂದು ನಿಘಂಟುಕಾರರು ಅರ್ಥ ಹೇಳುತ್ತಾರೆ. ಸಿಂಹದ ಹೆಸರನ್ನು ಮಗನಿಗಿಡುವ ಆಸೆ ಕನ್ನಡ ನಾಡಿಗೂ ಹೊಸದಲ್ಲ. ಚಾಲುಕ್ಯರಲ್ಲಿ ಜಯಸಿಂಹರಿದ್ದರು, ಹೊಯ್ಸಳರಲ್ಲಿ ನರಸಿಂಹರಿದ್ದರು. ಇವತ್ತಿಗೂ ನರಸಿಂಹನಿಲ್ಲದ ಊರು ಸಿಗುವುದು ಕಷ್ಟ. ಆದರೆ ನರಸಿಂಹ ಎಂದಾಗ ಯಾರೂ ಕಾಡಿನ ಪ್ರಾಣಿಯನ್ನು ನೆನೆಯುವುದಿಲ್ಲ, ಕಂಬದಿಂದ ಬಂದ ದೇವರನ್ನು ನೆನೆಯುತ್ತಾರೆ. ಹೈದರ್ ಎಂಬ ಹೆಸರಿನ ಸಂಗತಿಯೂ ಹೀಗೆಯೇ. ಅದು ನೆನಪಿಗೆ ತರುವುದು ಒಬ್ಬ ಮನುಷ್ಯನನ್ನು.

ಆ ಮನುಷ್ಯ ಅಲಿ ಇಬ್ನ್ ಅಬೀ ತಾಲಿಬ್. ಪ್ರವಾದಿ ಮುಹಮ್ಮದರ ತಂದೆಯ ಸೋದರನ ಮಗ, ಅವರ ಮಗಳು ಫಾತಿಮಾಳ ಗಂಡ, ಸುನ್ನಿಗಳಿಗೆ ನಾಲ್ಕನೆಯ ಖಲೀಫ, ಶಿಯಾಗಳಿಗೆ ಮೊದಲನೆಯ ಇಮಾಮ. ಸಂಪ್ರದಾಯ ಹೇಳುವ ಕಥೆ ಇದು. ಅಲಿ ಹುಟ್ಟಿದಾಗ ತಂದೆ ಅಬೂ ತಾಲಿಬ್ ಊರಲ್ಲಿರಲಿಲ್ಲ. ತಾಯಿ ಫಾತಿಮಾ ಬಿಂತ್ ಅಸದ್ ತನ್ನ ತಂದೆಯ ನೆನಪಿಗೆ ಮಗುವನ್ನು ಹೈದರ ಎಂದು ಕರೆದಳು. ತಂದೆಯ ಹೆಸರು ಅಸದ್, ಅಂದರೆ ಸಿಂಹ. ಮಗನ ಹೆಸರು ಹೈದರ, ಅದೂ ಸಿಂಹವೇ. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದ್ದಲ್ಲ. ಊರಿಗೆ ಮರಳಿದ ಅಬೂ ತಾಲಿಬ್ ಮಗುವಿಗೆ ಅಲಿ ಎಂದು ಹೆಸರಿಟ್ಟ. ಅಲಿ ಎಂದರೆ ಉನ್ನತ. ಲೋಕದಲ್ಲಿ ನಿಂತದ್ದು ತಂದೆಯಿಟ್ಟ ಹೆಸರು. ತಾಯಿಯಿಟ್ಟದ್ದು ಒಳಗೇ ಉಳಿದು, 628ರಲ್ಲಿ ಖೈಬರಿನ ಕೋಟೆಯೆದುರು ಹೊರಬಂತು. ಮರ್ಹಬ್ ಎಂಬ ಹೆಸರಾಂತ ಮಲ್ಲ ತನ್ನ ಬಿರುದು ಸಾರುತ್ತ ದ್ವಂದ್ವಕ್ಕೆ ಕರೆದಾಗ, ತನ್ನ ತಾಯಿ ತನಗೆ ಹೈದರನೆಂದು ಹೆಸರಿಟ್ಟಿದ್ದಾಳೆಂದು ಅಲಿ ಪದ್ಯದಲ್ಲೇ ಉತ್ತರ ಕೊಟ್ಟನೆಂದು ಹದೀಸ್ ಸಂಗ್ರಹಗಳು ದಾಖಲಿಸುತ್ತವೆ. ವಂಶದ ಹಿರಿಮೆಯನ್ನು ಗಂಡಸರ ಸಾಲಿನಿಂದಲೇ ಎಣಿಸುತ್ತಿದ್ದ ಸಮಾಜದಲ್ಲಿ, ಪ್ರಾಣದ ಮೇಲೆ ಬಂದಿದ್ದ ಗಳಿಗೆಯಲ್ಲಿ, ಒಬ್ಬ ವೀರ ತಾಯಿಯ ಮಾತನ್ನು ಬಿರುದಾಗಿ ಎತ್ತಿ ಹಿಡಿದದ್ದು ಸಣ್ಣ ಸಂಗತಿಯಲ್ಲ. ಮುಂದಿನ ಸುಮಾರು ಹದಿನಾಲ್ಕು ಶತಮಾನಗಳಲ್ಲಿ ಈ ಹೆಸರಿಗೆ ಬಂದ ಬಿಸುಪೆಲ್ಲ ಆ ಗಳಿಗೆಯಿಂದ ಬಂದದ್ದು.

ಅಲಿಗೆ ಇದೊಂದೇ ಉಪನಾಮವಲ್ಲ. ಅಸದುಲ್ಲಾ, ಅಂದರೆ ದೇವರ ಸಿಂಹ. ಮುರ್ತಜಾ, ದೇವರು ಮೆಚ್ಚಿದವನು. ಸಫ್ದರ್, ಶತ್ರುಪಂಕ್ತಿಯನ್ನು ಸೀಳುವವನು. ಇದು ಪಾರಸಿಯಿಂದ ಬಂದದ್ದು. ಕರ್ರಾರ್, ಮತ್ತೆ ಮತ್ತೆ ಮೇಲೆರಗುವವನು. ಹೈದರಿನ ಜೊತೆ ಸೇರಿ ಹೈದರ್-ಎ-ಕರ್ರಾರ್ ಆಗುತ್ತದೆ. ಹಿರಿಯ ಮಗನಿಂದ ಬಂದ ಹೆಸರು ಅಬುಲ್ ಹಸನ್, ಹಸನನ ತಂದೆ. ಇವೆಲ್ಲಕ್ಕಿಂತ ಆತ್ಮೀಯವಾದದ್ದು ಅಬೂ ತುರಾಬ್, ಮಣ್ಣಿನ ತಂದೆ. ಮಸೀದಿಯ ನೆಲದ ಮೇಲೆ ಮಲಗಿ ಮೈಗೆಲ್ಲ ಧೂಳು ಮೆತ್ತಿಕೊಂಡಿದ್ದ ಅಳಿಯನನ್ನು ಪ್ರವಾದಿ ಪ್ರೀತಿಯಿಂದ ಹಾಗೆ ಕರೆದು ಎಬ್ಬಿಸಿದರಂತೆ. ಈ ಹೆಸರುಗಳನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ: ದಖ್ಖನ್ನಿನ ನಾಲ್ಕು ಶತಮಾನಗಳ ರಾಜರು, ದಿವಾನರು, ಕವಿಗಳ ಹೆಸರುಗಳನ್ನು ಬಿಡಿಸಿ ನೋಡಿದರೆ ಇವೇ ಸಿಗುತ್ತವೆ.

ಅರಬ್ಬೀ ನೆಲದ ಹೆಸರು ದಖ್ಖನ್ನಿಗೆ ಬಂದದ್ದು ಇರಾನಿನ ದಾರಿಯಲ್ಲಿ. 15ನೆಯ ಶತಮಾನದಲ್ಲಿ ಅರ್ದಬಿಲ್‌ನ ಸಫವಿ ಸೂಫಿ ಮನೆತನದ ಮುಖ್ಯಸ್ಥನಾಗಿದ್ದವನು ಶೇಖ್ ಹೈದರ್. ಹನ್ನೆರಡು ಇಮಾಮರ ಗುರುತಾಗಿ ಹನ್ನೆರಡು ಮಡಿಕೆಯ ಕೆಂಪು ಟೋಪಿಯನ್ನು ತನ್ನ ಅನುಯಾಯಿಗಳಿಗೆ ತೊಡಿಸಿದವನು ಅವನೇ. ಅದಕ್ಕೆ ತಾಜ್-ಎ-ಹೈದರಿ ಎಂದೇ ಹೆಸರಾಯಿತು. 1488ರಲ್ಲಿ ಅವನು ಯುದ್ಧದಲ್ಲಿ ಸತ್ತ. ಮಗ ಇಸ್ಮಾಯಿಲ್ 1501ರಲ್ಲಿ ತಬ್ರೀಜಿನಲ್ಲಿ ಪಟ್ಟವೇರಿ ಶಿಯಾ ಪಂಥವನ್ನು ಇರಾನಿನ ರಾಜಧರ್ಮವಾಗಿಸಿದ. ಆ ಹೊತ್ತಿಗಾಗಲೇ ಹಮದಾನಿನ ಕಡೆಯ ತುರ್ಕಮನ್ ಮನೆತನದ ಸುಲ್ತಾನ್ ಕುಲಿ ಎಂಬವನು ಬೀದರಿನ ಬಹಮನಿ ದರಬಾರಿನಲ್ಲಿ ಮೇಲೇರುತ್ತಿದ್ದ. ಬಹಮನಿ ರಾಜ್ಯ ಒಡೆದು ಚೂರಾದಾಗ ಗೋಲ್ಕೊಂಡ ಅವನದಾಯಿತು. 1518 ಕುತುಬ್‌ಶಾಹಿ ರಾಜ್ಯ ಹುಟ್ಟಿದ ವರ್ಷವೆಂದು ಲೆಕ್ಕ. ಅಲ್ಲಿನ ಮಸೀದಿಗಳ ಪ್ರವಚನದಲ್ಲಿ ಹನ್ನೆರಡು ಇಮಾಮರ ಹೆಸರು ಓದಲಾಯಿತು. ಅಲಿಯ ಹೆಸರುಗಳು ಗೋಲ್ಕೊಂಡಕ್ಕೆ ಬಂದದ್ದು ಬೀದರಿನ ಮೂಲಕ ಎನ್ನುವುದು ಕನ್ನಡ ಓದುಗರು ನೆನಪಿಡಬೇಕಾದ ಮಾತು.

ಆ ಮನೆತನದ ಐದನೆಯ ಅರಸ ಮುಹಮ್ಮದ್ ಕುಲಿ ಕುತುಬ್ ಶಾಹ್ 1580ರಿಂದ 1612ರವರೆಗೆ ಆಳಿದ. ದಖ್ಖನಿ ಉರ್ದುವಿನಲ್ಲಿ ತುಂಬು ಕಾವ್ಯಸಂಗ್ರಹವೊಂದನ್ನು ಬಿಟ್ಟುಹೋದ ಮೊದಲ ಕವಿಗಳಲ್ಲಿ ಒಬ್ಬ. ಪ್ರವಾದಿಯ ಮೇಲೂ ಅಲಿಯ ಮೇಲೂ ಪದ್ಯ ಕಟ್ಟಿದವನು. ಗೋಲ್ಕೊಂಡದ ಕೋಟೆಯೊಳಗೆ ಜನ ಹೆಚ್ಚಿ, ನೀರು ಸಾಲದೆ, ಮೂಸಿ ನದಿಯ ತೆಂಕಣ ದಂಡೆಯಲ್ಲಿ 1591ರಲ್ಲಿ ಹೊಸ ನಗರಕ್ಕೆ ಕೈಹಾಕಿದ. ಅಸ್ತ್ರಾಬಾದಿನಿಂದ ಬಂದು ಪೇಶ್ವೆಯಾಗಿದ್ದ ವಿದ್ವಾಂಸ ಮೀರ್ ಮೋಮಿನ್ ನಗರದ ನಕ್ಷೆಯ ಹಿಂದಿದ್ದ. ನಡುವೆ ಚಾರ್‌ಮಿನಾರ್, ಅದರಿಂದ ನಾಲ್ಕು ದಿಕ್ಕಿಗೆ ನಾಲ್ಕು ಹೆದ್ದಾರಿ. ಆಗ ಹಿಜರಿ ಶಕೆಯ 1000ನೆಯ ವರ್ಷ. ಅರಬ್ಬೀ ಅಕ್ಷರಗಳಿಗೆ ಒಂದೊಂದಕ್ಕೂ ಒಂದೊಂದು ಸಂಖ್ಯೆಯ ಬೆಲೆಯುಂಟು; ಅದಕ್ಕೆ ಅಬ್ಜದ್ ಎನ್ನುತ್ತಾರೆ. ಕಾಪಾಡುವವನೇ ಎಂದು ದೇವರನ್ನು ಕರೆಯುವ ‘ಯಾ ಹಾಫಿಜ್’ ಎಂಬ ಮಾತಿನ ಅಕ್ಷರಗಳನ್ನು ಕೂಡಿದರೆ ಸರಿಯಾಗಿ 1000 ಬರುತ್ತದೆ, ಅದನ್ನೇ ಚಾರ್‌ಮಿನಾರಿನ ಕಾಲಸೂಚಕವಾಗಿ ಹೇಳುತ್ತ ಬಂದಿದ್ದಾರೆ. ಹೈದರ್ ಎಂಬ ನಾಲ್ಕಕ್ಷರದ ಬೆಲೆ 222: ಹೇ 8, ಯೇ 10, ದಾಲ್ 4, ರೇ 200.

ಹೊಸ ನಗರಕ್ಕೆ ಹೈದರಾಬಾದ್ ಎಂದು ಹೆಸರಾಯಿತು. ಆಬಾದ್ ಪಾರಸಿ ಮಾತು. ಜನ ನೆಲೆಸಿ ತುಂಬಿದ ತಾಣ ಎಂದರ್ಥ. ಹೈದರನ ಊರು, ಅಂದರೆ ಅಲಿಯ ಊರು. ಈ ಸರಳ ವಿವರಣೆಯನ್ನು ಒಂದು ಪ್ರೇಮಕಥೆ ಬಲವಾಗಿ ಹಿಂದಕ್ಕೆ ತಳ್ಳಿದೆ. ಅರಸ ಮೊದಲು ತನ್ನ ಪ್ರಿಯೆ ಭಾಗಮತಿಯ ಹೆಸರಿನಲ್ಲಿ ಭಾಗನಗರ ಕಟ್ಟಿದ, ಆಮೇಲೆ ಸಂಕೋಚಪಟ್ಟು ಹೈದರಾಬಾದ್ ಎಂದು ಬದಲಿಸಿದ ಎಂದು ಬರೆದವನು ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕುಳಿತಿದ್ದ ಚರಿತ್ರಕಾರ ಫಿರಿಶ್ತಾ. ಅಕ್ಬರನ ರಾಯಭಾರಿಯಾಗಿ ದಖ್ಖನ್ನಿಗೆ ಬಂದಿದ್ದ ಕವಿ ಫೈಜಿಯೂ ಇಂಥದೇ ಮಾತು ಬರೆದಿದ್ದಾನೆ. ಭಾಗಮತಿಗೆ ಹೈದರ್ ಮಹಲ್ ಎಂಬ ಬಿರುದಿತ್ತು, ಊರಿನ ಹೆಸರು ಅದರಿಂದಲೇ ಬಂತು ಎಂದು ಮುಂದೆ ಇನ್ನೊಂದು ಎಳೆ ಸೇರಿಕೊಂಡಿತು. ಗೋಲ್ಕೊಂಡದ ಸ್ವಂತ ಶಾಸನಗಳಲ್ಲಾಗಲಿ ನಾಣ್ಯಗಳಲ್ಲಾಗಲಿ ಭಾಗನಗರದ ಹೆಸರಿಲ್ಲವೆಂದು ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ಈ ಕಥೆಯನ್ನು ಒಪ್ಪಲಿಲ್ಲ. ತೋಟಗಳ ಊರಾದ್ದರಿಂದ ಬಾಗ್‌ನಗರ ಎಂಬ ಮಾತು ಹುಟ್ಟಿತೆಂದು ಅವರ ವಾದ. ಅದೇನೇ ಇರಲಿ, ಎರಡು ಹೆಸರೂ ಒಟ್ಟಿಗೆ ಬದುಕಿದ್ದಂತೂ ನಿಜ. 1660ರ ದಶಕದಲ್ಲಿ ಬಂದ ಫ್ರೆಂಚ್ ಪ್ರವಾಸಿ ಥೆವೆನೊ, ರಾಜಧಾನಿಯ ಹೆಸರು ಬಾಗ್‌ನಗರ, ಪಾರಸಿಕರು ಅದನ್ನು ಹೈದರಾಬಾದ್ ಎನ್ನುತ್ತಾರೆ ಎಂದು ದಾಖಲಿಸಿದ. ಪೇಟೆಯ ಬಾಯಲ್ಲಿ ಒಂದು, ದರಬಾರಿನ ಬಾಯಲ್ಲಿ ಇನ್ನೊಂದು. ಭಾಗಮತಿ ಇದ್ದಿರಲಿ ಇಲ್ಲದಿರಲಿ, ಹೈದರಾಬಾದ್ ಎಂಬ ಹೆಸರಿಗೆ ಅವಳ ಆಸರೆ ಬೇಕಿಲ್ಲ. ಸಾವಿರದ ವರ್ಷದಲ್ಲಿ ಶಿಯಾ ಅರಸನೊಬ್ಬ ತನ್ನ ಹೊಸ ರಾಜಧಾನಿಗೆ ಮೊದಲ ಇಮಾಮನ ಹೆಸರಿಡುವುದು ಎಲ್ಲಕ್ಕಿಂತ ಸಹಜವಾದ ಕೆಲಸ.

ಅದೇ ಅರಸ ಅದೇ ದಶಕದಲ್ಲಿ ಕಟ್ಟಿಸಿದ ಬಾದಶಾಹಿ ಆಶುರ್‌ಖಾನೆಯನ್ನು ನೋಡಿದವರಿಗೆ ಈ ಬಗ್ಗೆ ಸಂಶಯ ಉಳಿಯಲಾರದು. ಕರ್ಬಲೆಯಲ್ಲಿ ಮಡಿದ ಅಲಿಯ ಮಗ ಹುಸೇನನ ಶೋಕಾಚರಣೆಗಾಗಿ ಎದ್ದ ಮನೆ ಅದು. ಹಳದಿ, ನೀಲಿ, ಹಸಿರಿನ ಮೆರುಗಿನ ಹಂಚುಗಳಲ್ಲಿ ಅಲಂ ಎಂಬ ಧ್ವಜಶಿಖರಗಳ ಆಕಾರಗಳು ಇಂದಿಗೂ ಗೋಡೆಯ ತುಂಬ ಉಳಿದಿವೆ. ನಗರದ ಈಶಾನ್ಯಕ್ಕೆ ಮೌಲಾ ಅಲಿ ಬೆಟ್ಟವಿದೆ. ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, 1578ರಲ್ಲಿ, ಅರಮನೆಯ ಸೇವಕ ಯಾಕೂತನಿಗೆ ಆ ಬಂಡೆಯ ಮೇಲೆ ಅಲಿ ಕುಳಿತಿರುವಂತೆ ಕನಸಾಯಿತೆಂದು ಅಲ್ಲಿನ ಐತಿಹ್ಯ. ರಜಬ್ ತಿಂಗಳ ಉರುಸಿಗೆ ಯಾವ ಧರ್ಮದವರೆಂದು ಕೇಳದೆ ಜನ ಮೆಟ್ಟಿಲು ಹತ್ತುತ್ತ ಬಂದಿದ್ದಾರೆ. ಬೆಟ್ಟದ ಬುಡದಲ್ಲಿ ಮಲಗಿರುವವಳು ಕವಯಿತ್ರಿ ಮಾಹ್ ಲಕಾ ಬಾಯಿ ಚಂದಾ. ಅವಳನ್ನು ಬಸಿರಲ್ಲಿ ಹೊತ್ತಿದ್ದಾಗ ತಾಯಿ ಈ ಬೆಟ್ಟಕ್ಕೆ ಯಾತ್ರೆ ಬಂದಿದ್ದಳಂತೆ. ಚಂದಾಳ ಗಜಲುಗಳ ಕೊನೆಯ ದ್ವಿಪದಿಗಳಲ್ಲಿ ಅಲಿಯ ಸ್ಮರಣೆ ಬರುತ್ತದೆ. ಅಲಿಯ ಭಕ್ತರ ಮೆರವಣಿಗೆಯಲ್ಲಿ ಒಬ್ಬ ‘ನಾರಾ-ಎ-ಹೈದರಿ’ ಎಂದು ಕೂಗಿದರೆ ಇಡೀ ಗುಂಪು ‘ಯಾ ಅಲಿ’ ಎನ್ನುತ್ತದೆ. ಕೂಗಿದ್ದು ತಾಯಿಯಿಟ್ಟ ಹೆಸರನ್ನು, ಉತ್ತರ ಬಂದದ್ದು ತಂದೆಯಿಟ್ಟ ಹೆಸರಿನಲ್ಲಿ.

ಕುತುಬ್‌ಶಾಹಿಗಳ ಕೊನೆಯ ಅರಸನ ಹೆಸರು ಅಬುಲ್ ಹಸನ್, ಅದೂ ಅಲಿಯದೇ. 1687ರಲ್ಲಿ ಔರಂಗಜೇಬನ ಸೈನ್ಯ ಗೋಲ್ಕೊಂಡವನ್ನು ಗೆದ್ದಾಗ ಹೈದರಾಬಾದಿಗೆ ದಾರುಲ್ ಜಿಹಾದ್ ಎಂದು ಹೊಸ ಹೆಸರು ಬಂತು. ಮೊಘಲ್ ಟಂಕಸಾಲೆಯಲ್ಲಿ ಅದು ಅಚ್ಚಾಯಿತು, ಜನರ ನಾಲಿಗೆಗೆ ಹತ್ತಲಿಲ್ಲ. ಮುಂದೆ ಆಸಫ್‌ಜಾಹಿ ನಿಜಾಮರ ನಾಣ್ಯಗಳ ಮೇಲೆ ಬಂದದ್ದು ‘ಫರ್ಖುಂದಾ ಬುನ್ಯಾದ್ ಹೈದರಾಬಾದ್’, ಮಂಗಳಕರ ಅಡಿಪಾಯದ ಹೈದರಾಬಾದ್.

ನಿಜಾಮರು ಸುನ್ನಿಗಳು. ಹಾಗಿದ್ದೂ ಅವರ ಸ್ವಂತ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಬೇಕು: ನಿಜಾಮ್ ಅಲಿ ಖಾನ್, ಅಕ್ಬರ್ ಅಲಿ ಖಾನ್, ಫರ್ಖುಂದಾ ಅಲಿ ಖಾನ್, ತಹ್ನಿಯತ್ ಅಲಿ ಖಾನ್, ಮಹಬೂಬ್ ಅಲಿ ಖಾನ್, ಉಸ್ಮಾನ್ ಅಲಿ ಖಾನ್. ಕೊನೆಯದಂತೂ ನಿಂತು ನೋಡಬೇಕಾದದ್ದು. ಉಸ್ಮಾನ್ ಮೂರನೆಯ ಖಲೀಫ, ಅಲಿ ನಾಲ್ಕನೆಯವನು. ಉಸ್ಮಾನನ ಕೊಲೆಯ ಬೆನ್ನಲ್ಲೇ ಇಸ್ಲಾಮಿನ ಮೊದಲ ಅಂತಃಕಲಹ ಹೊತ್ತಿಕೊಂಡಿತು. ಆ ಎರಡು ಹೆಸರುಗಳನ್ನು ಹೈದರಾಬಾದು ಒಂದು ಮಗುವಿನ ಮೇಲೆ ಒಟ್ಟಿಗೆ ಇಟ್ಟಿತು, ಆ ಮಗು 1911ರಲ್ಲಿ ಸಿಂಹಾಸನವೇರಿತು, 1918ರಲ್ಲಿ ಅದರ ಹೆಸರಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ನಿಜಾಮರ ದಿವಾನರಲ್ಲಿ ಎಲ್ಲರಿಗಿಂತ ದೊಡ್ಡವನಾದ ಮೊದಲನೆಯ ಸಾಲಾರ್ ಜಂಗ್ ಶಿಯಾ ಮನೆತನದವನು. ಅವನ ನಿಜ ಹೆಸರು ಮೀರ್ ತುರಾಬ್ ಅಲಿ ಖಾನ್. ಮಣ್ಣಿನ ತಂದೆಯ ಆ ಮಣ್ಣು ಇಲ್ಲಿ ಬಂದು ಸೇರಿದೆ. 1937ರಿಂದ 1941ರವರೆಗೆ ಪ್ರಧಾನಿಯಾಗಿದ್ದವರು ಸರ್ ಅಕ್ಬರ್ ಹೈದರಿ. ಹೈದರನಿಗೆ ಸೇರಿದವನು ಎಂಬ ಅರ್ಥದ ಆ ಹೆಸರು ಅವರಿಗೆ ಮನೆತನದ ಹೆಸರಾಗಿತ್ತು. ಅವರ ಪತ್ನಿ ಅಮೀನಾ ಹೈದರಿ 1908ರ ಮೂಸಿ ಪ್ರವಾಹದಲ್ಲಿ ನೊಂದವರಿಗಾಗಿ ದುಡಿದು ಗೌರವ ಪಡೆದವರು. ಹೈದರ್‌ಗುಡ ಎಂಬ ಬಡಾವಣೆಯ ಹೆಸರಿನಲ್ಲಿ ಅರಬ್ಬೀ ಸಿಂಹದ ಪಕ್ಕಕ್ಕೆ ತೆಲುಗಿನ ‘ಗುಡ’ ಬಂದು ಕೂತಿದೆ.

ಅಲಿಯನ್ನು ಹೀಗೆ ಎರಡೂ ಪಂಥಗಳು ಹಂಚಿಕೊಂಡದ್ದಕ್ಕೆ ಸೂಫಿಗಳೇ ದೊಡ್ಡ ಕಾರಣ. ಬಹುಪಾಲು ಸೂಫಿ ಪರಂಪರೆಗಳ ಗುರುಸಾಲು ಅಲಿಯ ಮೂಲಕವೇ ಪ್ರವಾದಿಗೆ ತಲುಪುತ್ತದೆ. ಕಲಬುರಗಿಯ ಬಂದೇನವಾಜರ ದರ್ಗಾಕ್ಕೆ ನಡೆದುಕೊಳ್ಳುವವನಿಗೆ ಮಗನನ್ನು ಹೈದರ್ ಎಂದು ಕರೆಯಲು ಶಿಯಾ ಆಗಬೇಕಾದ ಅಗತ್ಯವೇ ಬೀಳಲಿಲ್ಲ. ಹಳ್ಳಿಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುದಗಲ್ಲಿನ ಮೊಹರಂ ನೋಡಲು ಸುತ್ತಲಿನ ಊರೂರುಗಳು ಖಾಲಿಯಾಗಿ ಬರುತ್ತವೆ; ಅಲಾಯಿ ದೇವರನ್ನು ಕೂರಿಸುವ ಕಡೆ ಮುಸ್ಲಿಮರಷ್ಟೇ ಇರುವುದಿಲ್ಲ, ರಿವಾಯತ್ ಪದ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಹರಕೆ ಹೊತ್ತು ಪಡೆದ ಮಗುವಿಗೆ ಹುಸೇನಪ್ಪ, ಫಕೀರಪ್ಪ ಎಂದು ಹೆಸರಿಡುವುದು ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಅಪರೂಪವಲ್ಲ.

ಕನ್ನಡಿಗರಿಗೆ ಹೈದರ್ ಎಂದೊಡನೆ ನೆನಪಾಗುವವನು ಮಾತ್ರ ಬೇರೆ. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿ, ಮೈಸೂರು ಸೈನ್ಯದಲ್ಲಿ ಮೇಲೇರಿ, 1761ರ ಹೊತ್ತಿಗೆ ರಾಜ್ಯವನ್ನೇ ಕೈಗೆ ತೆಗೆದುಕೊಂಡ ಹೈದರ್ ಅಲಿ. ಅವನೂ ಸುನ್ನಿ, ಅವನ ಹಿರಿಯರು ಕಲಬುರಗಿಯ ದರ್ಗಾದೊಡನೆ ನಂಟಿದ್ದವರು. ತಾಯಿಯಿಟ್ಟದ್ದೂ ತಂದೆಯಿಟ್ಟದ್ದೂ, ಅಲಿಯ ಎರಡು ಹೆಸರೂ ಅವನಲ್ಲಿ ಒಂದಾಗಿದ್ದವು. ಅದರ ಜೊತೆಗೆ ಕನ್ನಡದ ಮೂರನೆಯದೊಂದು ಸೇರಿತು: ಜನ ಅವನನ್ನು ಹೈದರ್ ನಾಯಕ ಎಂದು ಕರೆದರು. ಅವನ ಕಥೆಯನ್ನು ಹೇಳುವ ‘ಹೈದರ್ ನಾಮಾ’ ಎಂಬ ಕನ್ನಡ ಗದ್ಯಕೃತಿಯ ಕಾಲ 1784, ಅವನು ತೀರಿಕೊಂಡು ಎರಡೇ ವರ್ಷಕ್ಕೆ. ಪಾರಸಿಯಲ್ಲಿ ಕಿರ್ಮಾನಿ ಬರೆದ ‘ನಿಶಾನ್-ಎ-ಹೈದರಿ’ ಬಂದದ್ದು ಅದಾದ ಮೇಲೆ.

1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದ ಹೈದರ್ ಆ ಊರಿಗೆ ಹೈದರ್ ನಗರ ಎಂದು ಹೆಸರಿಟ್ಟ. ಬಿದಿರಿನ ಸೀಮೆಯ ಬಿದನೂರು, ಸಂಸ್ಕೃತದಲ್ಲಿ ವೇಣುಪುರ, ಈಗ ಸಿಂಹದ ಊರಾಯಿತು. ಅಲ್ಲಿ ಅಚ್ಚಾದ ಚಿನ್ನದ ವರಹಗಳು ಈ ಮನುಷ್ಯನ ಬಗ್ಗೆ ಬಹಳ ಹೇಳುತ್ತವೆ. ಒಂದು ಮುಖದಲ್ಲಿ ಇಕ್ಕೇರಿ ನಾಣ್ಯಗಳಲ್ಲಿದ್ದ ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಇನ್ನೊಂದು ಮುಖದಲ್ಲಿ ತನ್ನ ಪೂರ್ತಿ ಹೆಸರನ್ನು ಬರೆಸಲಿಲ್ಲ, ಬಿರುದುಗಳನ್ನು ಹೊಡೆಸಲಿಲ್ಲ. ಹೈದರಿನ ಮೊದಲಕ್ಷರ ‘ಹೇ’ ಒಂದನ್ನೇ ಕೆತ್ತಿಸಿದ. ಒಬ್ಬ ದೊರೆಯ ಹೆಸರು ಇಷ್ಟು ಮಿತವಾಗಿ ನಾಣ್ಯವೇರಿದ ಉದಾಹರಣೆ ಕಡಿಮೆ. ಜನರೂ ಆ ಊರಿನ ಹೊಸ ಹೆಸರನ್ನು ಮೊಟಕು ಮಾಡಿದರು, ಆದರೆ ಇನ್ನೊಂದು ತುದಿಯಿಂದ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಅದಕ್ಕೆ ಈಗ ಬರಿಯ ನಗರ ಎಂದೇ ಹೆಸರು. ಹೈದರ್ ಹೋಗಿ ನಗರ ಉಳಿಯಿತು, ಬಿದನೂರು ಮರಳಿ ಬರಲಿಲ್ಲ.

ಹೈದರನ ಮಗ ಟಿಪ್ಪು ತಂದೆಯ ಹೆಸರನ್ನು ನಾಣ್ಯಕ್ಕೇ ಇಟ್ಟ. ಅವನ ಎರಡು ರೂಪಾಯಿಯ ಬೆಳ್ಳಿ ನಾಣ್ಯದ ಹೆಸರು ಹೈದರಿ. ಅಲಿಯ ಬಿರುದೂ ಅದೇ, ತಂದೆಯ ಹೆಸರೂ ಅದೇ, ಎರಡು ಋಣವೂ ಒಂದರಲ್ಲಿ ಸಂದಿತು. ರೂಪಾಯಿ ಇಮಾಮಿ, ಅದಕ್ಕಿಂತ ಚಿಕ್ಕ ನಾಣ್ಯಗಳಿಗೆ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ ಎಂದು ಅಲಿಯ ಸಂತತಿಯ ಇಮಾಮರ ಹೆಸರುಗಳು. ಚಿನ್ನದಲ್ಲಿ ಸಿದ್ದೀಕಿ, ಫಾರೂಕಿ. ಅವು ಸುನ್ನಿಗಳು ಗೌರವಿಸುವ ಮೊದಲ ಇಬ್ಬರು ಖಲೀಫರಾದ ಅಬೂಬಕ್ರ್ ಮತ್ತು ಉಮರರ ನೆನಪು. ಉಸ್ಮಾನ್ ಅಲಿ ಎಂಬ ಹೆಸರಿನಲ್ಲಿ ಹೈದರಾಬಾದು ಮಾಡಿದ ಕೆಲಸವನ್ನು ಅದಕ್ಕೂ ನೂರು ವರ್ಷ ಮೊದಲೇ ಶ್ರೀರಂಗಪಟ್ಟಣದ ಟಂಕಸಾಲೆ ಮಾಡಿತ್ತು. ಟಿಪ್ಪುವಿನ ಆಯುಧಗಳ ಮೇಲೆ ಕಾಣುವ ಹುಲಿಯ ಮುಖವೂ ದಿಟವಾಗಿ ಅಕ್ಷರಗಳೇ. ದೇವರ ವಿಜಯಿ ಸಿಂಹ ಎಂಬರ್ಥದ ‘ಅಸದುಲ್ಲಾಹಿಲ್ ಗಾಲಿಬ್’ ಎಂಬ ಅಲಿಯ ಬಿರುದನ್ನು ಎಡಬಲ ಕನ್ನಡಿ ಹಿಡಿದಂತೆ ಬರೆದು ಹುಲಿಮುಖ ಮಾಡಿದ್ದಾರೆ. ಸಿಂಹ ಹುಲಿಯಾದದ್ದು ಆಶ್ಚರ್ಯವಲ್ಲ: ಹಿಂದೂಸ್ತಾನಿಯಲ್ಲಿ ಶೇರ್ ಎಂದರೆ ಎರಡೂ ಆಗುತ್ತದೆ, ಮೈಸೂರಿನ ಕಾಡಿನಲ್ಲಿದ್ದದ್ದೂ ಹುಲಿಯೇ.

ದಖ್ಖನ್ನಿನ ಆಚೆಗೆ ಈ ಹೆಸರು ಬಹಳ ದೂರ ಹೋಗಿದೆ. ಸಿಂಧಿನಲ್ಲಿ ಇನ್ನೊಂದು ಹೈದರಾಬಾದಿದೆ. 1768ರಲ್ಲಿ ಗುಲಾಂ ಶಾಹ್ ಕಲ್ಹೋಡಾ ಕಟ್ಟಿದ್ದು, ಅದೂ ಅಲಿಯ ಹೆಸರಿನಲ್ಲೇ. ಕಾಶ್ಮೀರವನ್ನಾಳಿ ‘ತಾರೀಖ್-ಎ-ರಶೀದಿ’ ಬರೆದ ಮಿರ್ಜಾ ಹೈದರ್ ದುಘ್ಲಾತ್, ಲಖನೌದ ಕವಿ ಹೈದರ್ ಅಲಿ ಆತಿಶ್, ಉರ್ದು ಕಾದಂಬರಿಗಾರ್ತಿ ಕುರತುಲೈನ್ ಹೈದರ್ ಎಲ್ಲರೂ ಇದನ್ನು ಹೊತ್ತವರು. ತುರ್ಕಿಯಲ್ಲಿ ಹೈದರ್ ಪಾಶಾ ರೈಲು ನಿಲ್ದಾಣವಿದೆ.

ಕನ್ನಡ ನಾಡಿನಲ್ಲಿ ಈ ಹೆಸರು ಇಡೀ ಒಂದು ಸೀಮೆಯ ಮೇಲೂ ನಿಂತಿತ್ತು. 1956ರ ನವೆಂಬರ್ 1ರಂದು ನಿಜಾಮರ ಹಿಂದಿನ ರಾಜ್ಯದಿಂದ ಬೀದರ್, ಕಲಬುರಗಿ, ರಾಯಚೂರು ಭಾಗಗಳು ಮೈಸೂರು ರಾಜ್ಯಕ್ಕೆ ಬಂದಾಗ ಆ ಸೀಮೆಗೆ ಹೈದರಾಬಾದ್ ಕರ್ನಾಟಕ ಎಂಬ ಹೆಸರು ರೂಢಿಯಾಯಿತು. 1800ರಲ್ಲೇ ನಿಜಾಮರ ಕೈಬಿಟ್ಟು ಇಂಗ್ಲಿಷರಿಗೆ ಹೋಗಿದ್ದ ಬಳ್ಳಾರಿಯನ್ನೂ ಅಭಿವೃದ್ಧಿಯ ಲೆಕ್ಕಕ್ಕೆ ಇದರೊಳಗೆ ಸೇರಿಸಿಕೊಂಡರು. ಸೀಮೆಯವರು ಹಲವು ವರ್ಷ ಹೋರಾಡಿ ಪಡೆದ ಸಂವಿಧಾನದ 371(ಜೆ) ವಿಧಿ ಇದೇ ಹೆಸರನ್ನು ಬಳಸುತ್ತದೆ. 2019ರ ಸೆಪ್ಟೆಂಬರ್ 17ರಂದು ರಾಜ್ಯ ಸರ್ಕಾರ ಅದನ್ನು ಕಲ್ಯಾಣ ಕರ್ನಾಟಕ ಎಂದು ಬದಲಿಸಿತು. ಬಸವಣ್ಣನ ಕಲ್ಯಾಣ ಆ ಸೀಮೆಯದೇ ಆದ್ದರಿಂದ ಹೊಸ ಹೆಸರಿಗೆ ಅದರದೇ ಹಕ್ಕಿದೆ. ವ್ಯಕ್ತಿನಾಮವಾಗಿ ಹೈದರ್ ಅಲ್ಲಿಂದ ಎಲ್ಲಿಗೂ ಹೋಗಿಲ್ಲ: ಬೀದರಿನಲ್ಲೂ ರಾಯಚೂರಿನಲ್ಲೂ ಶಾಲೆಯ ಹಾಜರಿ ಪಟ್ಟಿಗಳಲ್ಲಿ ಹೈದರ್ ಅಲಿ, ಗುಲಾಂ ಹೈದರ್ ಎಂಬ ಹುಡುಗರು ಸಿಗುತ್ತಾರೆ, ಮನೆಯಲ್ಲಿ ಅವರನ್ನು ಬರಿಯ ಹೈದರ್ ಎಂದೇ ಕರೆಯುತ್ತಾರೆ.